ಗಾಂಜಾ ಮನೆಯೊಳಗೋ, ಹೊಲದಾಗೋ? ಕೇಳೋರಿಗೆ ಒಂದು ನೇರ ಉತ್ತರ



ಯುಗಾದಿ ಹತ್ತಿರ ಬಂತು. ತೊಗರಿ ರಾಶಿ ಮುಗಿದು ಹೊಲ ಖಾಲಿ ಆಗಿವೆ. ನಮ್ಮ ತೆಂಗಳಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಲಾವಣಿ ಮಾತುಕತೆ ನಡೆಯೋ ಕಾಲ ಇದು. ಮುಂದಿನ ವರ್ಷ ಹೊಲಕ್ಕೆ ಏನು ಹಾಕೋದು ಅಂತ ಲೆಕ್ಕ ಹಾಕೋ ಕಾಲವೂ ಇದೇ. ಇದೇ ಹೊತ್ತಿನಲ್ಲಿ ಕೆಲವು ಹುಡುಗರು ನನ್ನನ್ನು ಒಂದು ಪ್ರಶ್ನೆ ಕೇಳ್ತಿದ್ದಾರೆ. ಮೊದಮೊದಲು ಸುತ್ತಿ ಬಳಸಿ ಕೇಳ್ತಾರೆ, ಆಮೇಲೆ ನೇರ ವಿಷಯಕ್ಕೆ ಬರ್ತಾರೆ: "ಸರ, ಗಾಂಜಾ ಬೆಳೆ ಹೊಲದಾಗ ತೊಗರಿ ನಡುವ ಚೊಲೋನೋ, ಇಲ್ಲಾ ಖೋಲಿ ಒಳಗ ಲೈಟ್ ಹಾಕಿ ಬೆಳೆಯೋದು ಚೊಲೋನೋ?"

ಕೇಳಿದವರನ್ನು ಬೈದು ಕಳಿಸೋದು ಸುಲಭ. ಆದರೆ ಬೈಗುಳದಿಂದ ಯಾರ ಸಾಲವೂ ತೀರಲ್ಲ. ನೆಟೆ ರೋಗದಿಂದ ಸಾಲುಸಾಲು ತೊಗರಿ ಒಣಗಿದ್ದನ್ನು ನೋಡಿದ ಮನೆಯ ಹುಡುಗ ಈ ಪ್ರಶ್ನೆ ಕೇಳಿದರೆ ಅದರ ಹಿಂದೆ ಏನಿದೆ ಅನ್ನೋದು ನಮಗೆಲ್ಲ ಗೊತ್ತು. ಹಾಗಾಗಿ ಈ ವಾರ ಇದಕ್ಕೇ ಉತ್ತರ ಬರೀತೀನಿ. ಉತ್ತರ ಮೊದಲೇ ಹೇಳಿಬಿಡ್ತೀನಿ: ಒಳಗೂ ಬೇಡ, ಹೊರಗೂ ಬೇಡ. ಯಾಕೆ ಬೇಡ, ಅದರ ಬದಲು ಒಳಗೆ ಏನು ಬೆಳೀಬಹುದು, ಹೊರಗೆ ಏನು ಬೆಳೀಬಹುದು ಅನ್ನೋದನ್ನ ಲೆಕ್ಕ ಸಮೇತ ನೋಡೋಣ.

ಒಳಗೆ ಬೆಳೆಯೋ ಮಾತು ಎಲ್ಲಿಂದ ಬಂತು?

ಮೊಬೈಲಿನಿಂದ ಬಂತು. ಕೆನಡಾ, ಅಮೆರಿಕದ ವಿಡಿಯೋ ನೋಡ್ತಾರೆ. ಬಿಳಿ ಗೋಡೆಯ ಖೋಲಿ, ಮೇಲೆ ಎಲ್‌ಇಡಿ ದೀಪ, ಫ್ಯಾನು, ಎಸಿ, ಕುಂಡದಲ್ಲಿ ಸಾಲಾಗಿ ಗಿಡ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಅಲ್ಲಿನ ಹೆಚ್ಚಿನ ಪ್ರಾಂತ್ಯಗಳಲ್ಲಿ ಒಂದು ಮನೆಗೆ ನಾಲ್ಕು ಗಿಡ ಬೆಳೆದುಕೊಳ್ಳೋಕೆ ಸರ್ಕಾರದ ಅನುಮತಿಯೇ ಇದೆ. ಅಲ್ಲಿನವರು ಕೂತು "ಒಳಗೋ, ಹೊರಗೋ" ಅಂತ ಚರ್ಚೆ ಮಾಡಿದರೆ ಅದಕ್ಕೆ ಅರ್ಥ ಇದೆ. ಚಳಿಗಾಲದಲ್ಲಿ ಹೊರಗೆ ಹಿಮ ಬೀಳುತ್ತೆ, ಬಿಸಿಲು ಇರಲ್ಲ. ಒಳಗೆ ಬೆಳೆದರೆ ವರ್ಷವಿಡೀ ಬೆಳೆ, ಆದರೆ ಖರ್ಚು ಜಾಸ್ತಿ. ಹೊರಗೆ ಬೆಳೆದರೆ ಖರ್ಚು ಕಮ್ಮಿ, ಆದರೆ ವರ್ಷಕ್ಕೆ ಒಂದೇ ಬೆಳೆ, ಹವಾಮಾನದ ಮೇಲೆ ಹಿಡಿತ ಇಲ್ಲ. ಅವರ ಚರ್ಚೆ ಇಷ್ಟೇ.

ಆ ಒಳಗಿನ ಬೆಳೆಗೆ ಎಷ್ಟು ಕರೆಂಟು ಬೇಕು ಅನ್ನೋದಕ್ಕೆ ಒಂದು ಅಂದಾಜು ಕೊಡ್ತೀನಿ. ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖೋಲಿ ಒಳಗೆ ಬೆಳೆದ ಒಂದು ಕಿಲೋ ಒಣ ಗಾಂಜಾಕ್ಕೆ, ಜಾಗ ನೋಡಿಕೊಂಡು, ಸುಮಾರು 2,300ರಿಂದ 5,200 ಕಿಲೋದಷ್ಟು ಇಂಗಾಲದ ಹೊಗೆ ಆಕಾಶ ಸೇರುತ್ತೆ ಅಂತ ಲೆಕ್ಕ ಹಾಕಿದರು. ಒಂದು ಕಿಲೋಕ್ಕೆ! ಅದರಲ್ಲಿ ದೊಡ್ಡ ಪಾಲು ದೀಪದ್ದು ಮತ್ತು ಖೋಲಿಯನ್ನು ತಂಪಾಗಿ, ಒಣಗಿದಂತೆ ಇಡೋ ಯಂತ್ರಗಳದ್ದು.

ಈಗ ನಮ್ಮ ಊರು ನೆನೆಸಿಕೊಳ್ಳಿ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ಶಹಾಬಾದ ಪರಸಿ ಹಾಸಿದ ಮನೆ ರಾತ್ರಿ ಹತ್ತಕ್ಕೂ ಕಾಯ್ದ ಹೆಂಚಿನ ಹಾಗೆ ಇರುತ್ತೆ. ಕರೆಂಟು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅನ್ನೋದು ಹೇಳೋಕೆ ಆಗಲ್ಲ. ದೇವರು ಪುಕ್ಕಟೆ ಕೊಟ್ಟ ಬಿಸಿಲನ್ನು ಬಾಗಿಲ ಹೊರಗೆ ನಿಲ್ಲಿಸಿ, ಒಳಗೆ ದುಡ್ಡು ಕೊಟ್ಟು ಬಿಸಿಲು ಕೊಂಡಂತೆ ಆಯ್ತು. ಕಾನೂನಿನ ಮಾತು ಪಕ್ಕಕ್ಕಿಟ್ಟು ಬರೀ ಒಕ್ಕಲುತನದ ಕಣ್ಣಿಂದ ನೋಡಿದರೂ ಇದು ನಮ್ಮ ನೆಲದ ಬೇಸಾಯ ಅಲ್ಲ.

ಕಾನೂನಿಗೆ ಒಳಗೂ ಒಂದೇ, ಹೊರಗೂ ಒಂದೇ

ಇನ್ನು ಕಾನೂನಿಗೆ ಬರೋಣ. ನಮ್ಮ ದೇಶದಲ್ಲಿ ಇದಕ್ಕೆ ಇರೋದು ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, 1985. ಮಂದಿ ಬಾಯಲ್ಲಿ ಎನ್‌ಡಿಪಿಎಸ್. ಅದರ 8ನೇ ಕಲಂ ಗಾಂಜಾ ಗಿಡದ ಬೇಸಾಯವನ್ನೇ ನಿಷೇಧಿಸುತ್ತೆ. ಹೊಲ, ಹಿತ್ತಲು, ಮಾಳಿಗೆ, ಖೋಲಿ, ಕುಂಡ ಅಂತ ಬೇರೆ ಬೇರೆ ಮಾಡಿಲ್ಲ. 20(ಎ) ಕಲಂ ಪ್ರಕಾರ ಬೆಳೆದವನಿಗೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಇಲ್ಲಿ ಒಂದು ಮಾತು ಗಮನ ಇಟ್ಟು ಓದಿ. ಮಾರಾಟಕ್ಕೆ, ಸಾಗಾಟಕ್ಕೆ ಸಿಕ್ಕಿಬಿದ್ದರೆ ತೂಕ ನೋಡ್ತಾರೆ. ಗಾಂಜಾಕ್ಕೆ ಒಂದು ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋಗಿಂತ ಜಾಸ್ತಿ ಆದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ 10 ವರ್ಷ, ಜಾಮೀನು ಸಿಗೋದೂ ಭಾಳ ಕಷ್ಟ. ಆದರೆ ಬೇಸಾಯದ ಕಲಮಿಗೆ ಈ ತೂಕದ ಮಾತೇ ಇಲ್ಲ. "ಬರೇ ನಾಲ್ಕು ಗಿಡ ಸರ, ಮನಿ ಮಟ್ಟಿಗೆ" ಅನ್ನೋರಿಗೆ ಇದು ಗೊತ್ತಿರಲಿ. ನಾಲ್ಕು ಗಿಡವೂ ಬೇಸಾಯವೇ.

ಖೋಲಿ ಒಳಗೆ ಇದ್ದರೆ ಯಾರಿಗೆ ಗೊತ್ತಾಗುತ್ತೆ ಅಂತ ಕೇಳ್ತಾರೆ. 2021ರಲ್ಲಿ ಬಿಡದಿ ಹತ್ತಿರದ ಒಂದು ವಿಲ್ಲಾದಲ್ಲಿ ದೀಪ ಹಾಕಿ, ಮಣ್ಣಿಲ್ಲದೆ ನೀರಿನಲ್ಲೇ ಬೆಳೆದಿದ್ದನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಹಿಡಿದರು. ಗೇಟು, ಕಾವಲು ಇರೋ ದೊಡ್ಡವರ ಬಡಾವಣೆ ಅದು. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಹೀಗೆಯೇ ಬೆಳೆದಿದ್ದ ವೈದ್ಯಕೀಯ ವಿದ್ಯಾರ್ಥಿಗಳು ಸಿಕ್ಕಿಬಿದ್ದರು. ಡಾಕ್ಟರ್ ಆಗಬೇಕಾದ ಮಕ್ಕಳು. ಪಟ್ಟಣದಲ್ಲೇ ಮುಚ್ಚಿಡೋಕೆ ಆಗಲಿಲ್ಲ. ನಮ್ಮೂರಲ್ಲಿ ಯಾರ ಮನೆಯಲ್ಲಿ ಎರಡು ಬಲ್ಬು ಜಾಸ್ತಿ ಹತ್ತಿದರೂ ಓಣಿಗೆಲ್ಲ ಸುದ್ದಿ. ಅಲ್ಲಿ ಹಗಲು ರಾತ್ರಿ ಎಸಿ ಓಡೋ ಖೋಲಿ ಮುಚ್ಚಿಡ್ತೀನಿ ಅನ್ನೋದು ಆಗೋ ಹೋಗೋ ಮಾತಲ್ಲ.

ಮನೆ ಬಾಡಿಗೆಗೆ ಕೊಟ್ಟವರೂ ಕೇಳಿ. ಗೊತ್ತಿದ್ದೂ ತನ್ನ ಮನೆ, ಖೋಲಿ, ದೊಡ್ಡಿ, ಗಾಡಿಯನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟರೆ 25ನೇ ಕಲಂ ಅವರಿಗೂ ಅದೇ ಶಿಕ್ಷೆ ಹೇಳುತ್ತೆ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಒಂದು ಕುರಿ ಫಾರ್ಮಿನಲ್ಲಿ ಬೆಂಗಳೂರು ಪೊಲೀಸರು ಸಾವಿರ ಕಿಲೋಗೂ ಹೆಚ್ಚು ಗಾಂಜಾ ಹಿಡಿದ ಸುದ್ದಿ ರಾಜ್ಯದ ತುಂಬ ಓಡಾಡಿತು. ಆವತ್ತಿನಿಂದ ನಮ್ಮ ಭಾಗದ ಮೇಲೆ ಪೊಲೀಸರ ಕಣ್ಣು ಇದ್ದೇ ಇದೆ ಅಂತ ತಿಳೀರಿ.

"ತಿಂಥಣಿ ಮೌನೇಶ್ವರನ ಜಾತ್ರ್ಯಾಗ ಪ್ರಸಾದ ಅಂತ ಕೊಡ್ತಾರಲ್ರಿ, ಸಾಧುಗಳು ಸೇದ್ತಾರಲ್ರಿ" ಅಂತ ಕೆಲವರು ವಾದ ಮಾಡ್ತಾರೆ. ನಂಬಿಕೆ ಬಗ್ಗೆ ನಾನು ಏನೂ ಹೇಳಲ್ಲ. 1985ಕ್ಕೆ ಮೊದಲು ಸರ್ಕಾರದ ಲೈಸೆನ್ಸ್ ಇರೋ ಗಾಂಜಾ ಅಂಗಡಿಗಳೇ ಇದ್ದವು ಅನ್ನೋದೂ ನಿಜ. ಆದರೆ ಹೊಲದಲ್ಲಿ ಪಂಚನಾಮೆ ಬರೆಯುವಾಗ ಈ ಯಾವ ಮಾತೂ ಲೆಕ್ಕಕ್ಕೆ ಬರಲ್ಲ. ಇವತ್ತಿನ ಕಾನೂನು ಇವತ್ತಿನದು.

ತೊಗರಿ ಮರೆ ಯಾರನ್ನು ಕಾಯುತ್ತೆ?

ನಮ್ಮ ಕಡೆ ಪ್ರತಿ ವರ್ಷ ಪೇಪರಿನಲ್ಲಿ ಬರೋ ಸುದ್ದಿ ಖೋಲಿ ಒಳಗಿನದ್ದಲ್ಲ, ಹೊಲದ್ದು. ತೊಗರಿ ಇಲ್ಲವೇ ಹತ್ತಿ ನಡುವೆ ಗಾಂಜಾ, ರೈತನ ಬಂಧನ. ಎರಡು ಸಾಲಿನ ಸುದ್ದಿ. ತೊಗರಿ ಎತ್ತರ ಬೆಳೆಯುತ್ತೆ, ದಟ್ಟ ಆಗುತ್ತೆ, ಒಳಗೇನಿದೆ ಕಾಣಲ್ಲ ಅನ್ನೋದು ದಲ್ಲಾಳಿ ಹೇಳೋ ಮಾತು.

ಆ ದಲ್ಲಾಳಿ ಯಾರು ಅಂತ ಸ್ವಲ್ಪ ನೋಡೋಣ. ಬೀಜ ಅವನು ಕೊಡ್ತಾನೆ, ಮಾಲು ಅವನೇ ಒಯ್ಯುತ್ತಾನೆ. ಆದರೆ ಪಹಣಿಯಲ್ಲಿ ಅವನ ಹೆಸರು ಇಲ್ಲ. ಅವನ ಹೆಸರಿನ ಒಂದು ಚೀಟಿಯೂ ನಿಮ್ಮ ಹತ್ತಿರ ಇಲ್ಲ. ಅವನು ಕೊಟ್ಟ ಫೋನ್ ನಂಬರ್ ಕೇಸಾದ ದಿನವೇ ಬಂದ್. ಉಳಿಯೋದು ಹೊಲ ಮತ್ತು ಹೊಲದವನು. ಲಾಭ ಆದರೆ ಅವನದ್ದು ಜಾಸ್ತಿ ಪಾಲು, ಕೇಸಾದರೆ ನಿಮ್ಮದು ಪೂರಾ ಪಾಲು.

ಸಿಕ್ಕಮೇಲೆ "ನಂಗ ಗೊತ್ತಿರಲಿಲ್ಲ" ಅನ್ನೋದು ಅಷ್ಟು ಸುಲಭ ಅಲ್ಲ. ಸಾಮಾನ್ಯ ಕೇಸಿನಲ್ಲಿ ತಪ್ಪು ಮಾಡಿದ್ದಾನೆ ಅಂತ ಸರ್ಕಾರ ಸಾಬೀತು ಮಾಡಬೇಕು. ಈ ಕಾಯ್ದೆಯ 54ನೇ ಕಲಂ ಹಾಗಲ್ಲ. ನೀವು ಬೇಸಾಯ ಮಾಡೋ ಜಮೀನಿನಲ್ಲಿ ಗಿಡ ಇತ್ತು, ಅದಕ್ಕೆ ಸರಿಯಾದ ಸಮಜಾಯಿಷಿ ಕೊಡೋಕೆ ಆಗಲಿಲ್ಲ ಅಂದರೆ ನೀವೇ ತಪ್ಪಿತಸ್ಥ ಅಂತ ಕೋರ್ಟು ಭಾವಿಸಬಹುದು. ಅಲ್ಲ ಅಂತ ತೋರಿಸೋ ಭಾರ ನಿಮ್ಮ ಮೇಲೆ ಬೀಳುತ್ತೆ.

46ನೇ ಕಲಂ ಇನ್ನೂ ಕಡಿಮೆ ಮಂದಿಗೆ ಗೊತ್ತು. ತನ್ನ ಜಮೀನಿನಲ್ಲಿ ಯಾರೇ ಗಾಂಜಾ ಬೆಳೆದಿದ್ದರೂ ಅದನ್ನು ಪೊಲೀಸರಿಗೋ ಸಂಬಂಧಪಟ್ಟ ಅಧಿಕಾರಿಗೋ ಕೂಡಲೇ ತಿಳಿಸೋದು ಜಮೀನಿನವನ ಕರ್ತವ್ಯ. ಗೊತ್ತಿದ್ದೂ ತಿಳಿಸದೆ ಇದ್ದರೆ ಶಿಕ್ಷೆ. 47ನೇ ಕಲಂ ಇದೇ ಕರ್ತವ್ಯವನ್ನು ಪಂಚಾಯತಿ ಸದಸ್ಯರು, ಗ್ರಾಮದ ಅಧಿಕಾರಿಗಳ ಮೇಲೂ ಹಾಕುತ್ತೆ. ಊರ ಹಿರಿಯರು "ನಮಗ್ಯಾಕ ಬೇಕು" ಅಂತ ಸುಮ್ಮನೆ ಇರೋ ಹಾಗಿಲ್ಲ.

ಇದು ಯಾರಿಗೆ ಭಾಳ ಅಪಾಯ ಅಂದರೆ, ಹೊಲ ಲಾವಣಿಗೆ ಹಾಕಿ ಹೈದರಾಬಾದ, ಪುಣೆ, ಬೆಂಗಳೂರಿಗೆ ದುಡಿಯೋಕೆ ಹೋದವರಿಗೆ. ನಮ್ಮಲ್ಲಿ ಲಾವಣಿ ಅಂದರೆ ಬಾಯಿಮಾತು. ಕಾಗದ ಇಲ್ಲ, ಸಹಿ ಇಲ್ಲ. ಪಹಣಿಯಲ್ಲಿ ಹೆಸರು ನಿಮ್ಮದು, ಬೆಳೆದವನು ಇನ್ನೊಬ್ಬ. ನಾಳೆ ಏನಾದರೂ ಆದರೆ ಮೊದಲ ಫೋನ್ ಬರೋದು ಪಹಣಿಯಲ್ಲಿ ಹೆಸರಿದ್ದವರಿಗೆ. ನೀವು ನಿರ್ದೋಷಿ ಅಂತ ಕೊನೆಗೆ ತೀರ್ಮಾನ ಆಗಬಹುದು. ಅಲ್ಲಿವರೆಗಿನ ಓಡಾಟ, ವಕೀಲರ ಫೀಸು, ಕಳೆದ ಕೂಲಿ ಯಾರು ಕೊಡ್ತಾರೆ?

ಹಾಗಾಗಿ ಲಾವಣಿ ಕೊಡೋರು ಈ ಯುಗಾದಿಗೆ ನಾಲ್ಕು ಕೆಲಸ ಮಾಡಿ:

1. ಲಾವಣಿ ಕರಾರು ಬರೆದುಕೊಳ್ಳಿ. ಯಾರಿಗೆ, ಯಾವ ಸರ್ವೆ ನಂಬರ್, ಎಷ್ಟು ಎಕರೆ, ಎಷ್ಟು ವರ್ಷ, ಯಾವ ಬೆಳೆ ಅಂತ ಇರಲಿ. ಇಬ್ಬರು ಸಾಕ್ಷಿಗಳ ಸಹಿ ಇರಲಿ. ಕಾನೂನುಬಾಹಿರ ಬೆಳೆ ಹಾಕಿದರೆ ಲಾವಣಿ ರದ್ದು ಅಂತ ಒಂದು ಸಾಲು ಇರಲೇಬೇಕು.
2. ಬೆಳೆ ಸಮೀಕ್ಷೆ ಆಗುವಾಗ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ಅಂತ ನೋಡಿಕೊಳ್ಳಿ.
3. ದಸರೆಯಿಂದ ಎಳ್ಳಮಾವಾಸ್ಯೆವರೆಗೆ ತಿಂಗಳಿಗೆ ಒಮ್ಮೆ ಆದರೂ ಹೊಲದ ಒಳಗೆ ಹೊಕ್ಕು ತಿರುಗಾಡಿ. ಬದುವಿನ ಮೇಲೆ ನಿಂತು ನೋಡಿದರೆ ಸಾಲದು. ನೀವು ಊರಲ್ಲಿ ಇಲ್ಲದಿದ್ದರೆ ನಂಬಿಗಸ್ತರನ್ನು ಕಳಿಸಿ, ಫೋಟೋ ತರಿಸಿಕೊಳ್ಳಿ.
4. ಅನುಮಾನದ ಗಿಡ ಕಂಡರೆ ನೀವೇ ಕಿತ್ತು ಎಸೆಯೋಕೆ ಹೋಗಬೇಡಿ, ಲಾವಣಿ ಮಾಡಿದವನ ಜೊತೆ ಜಗಳಕ್ಕೂ ನಿಲ್ಲಬೇಡಿ. 112ಕ್ಕೆ ಇಲ್ಲವೇ ಮಾದಕ ವಸ್ತುಗಳ ರಾಷ್ಟ್ರೀಯ ಸಹಾಯವಾಣಿ 1933ಕ್ಕೆ ಫೋನ್ ಮಾಡಿ. ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆ ಒಂದು ಚೀಟಿ ನಿಮ್ಮನ್ನು ಕಾಯುತ್ತೆ.

ಈಗಾಗಲೇ ಇದರಲ್ಲಿ ಸಿಕ್ಕಿಕೊಂಡವರಿದ್ದರೆ, ದಲ್ಲಾಳಿ ಮಾತು ಕೇಳಿ ಇನ್ನೂ ಒಳಗೆ ಹೋಗಬೇಡಿ. ಮೊದಲು ವಕೀಲರನ್ನು ಕಾಣಿ. ದುಡ್ಡಿಲ್ಲ ಅನ್ನೋರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಕಸ್ಟಡಿಯಲ್ಲಿ ಇರೋರಿಗೆ, ಆದಾಯ ಕಡಿಮೆ ಇರೋರಿಗೆ ಪುಕ್ಕಟೆ ವಕೀಲರನ್ನು ಕೊಡ್ತಾರೆ. ಸಹಾಯವಾಣಿ 15100.

"ಹೆಂಪ್" ಅಂತ ಬರೋ ಬೀಜದ ಬಗ್ಗೆ ಎಚ್ಚರ

ಇತ್ತೀಚೆಗೆ ಇನ್ನೊಂದು ಮಾತು ಕೇಳಿಬರ್ತಿದೆ: "ಗಾಂಜಾ ಅಲ್ರಿ, ಇದು ಹೆಂಪ್. ಸರ್ಕಾರದ್ದೇ ಪರವಾನಗಿ ಐತಿ, ಬೀಜ ಕೊಡ್ತೀವಿ, ಮಾಲು ನಾವೇ ತಗೋತೀವಿ." ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಇದರಲ್ಲಿ ಅರ್ಧ ಸತ್ಯ ಇದೆ.

ಹೆಂಪ್ ಅನ್ನೋದೂ ಗಾಂಜಾ ಜಾತಿಯದೇ ಗಿಡ, ಅಮಲಿನ ಅಂಶ ಟಿಎಚ್‌ಸಿ ಕಡಿಮೆ ಇರೋ ತಳಿ, ಅಷ್ಟೇ. ಕಾಯ್ದೆಯ ಕಣ್ಣಿಗೆ ಅದೂ ಗಾಂಜಾ ಗಿಡವೇ. ನಾರು ಮತ್ತು ಬೀಜಕ್ಕಾಗಿ ಬೆಳೆಯೋಕೆ ಸರ್ಕಾರ ವಿಶೇಷ ಅನುಮತಿ ಕೊಡಬಹುದು ಅಂತ 14ನೇ ಕಲಂ ಹೇಳುತ್ತೆ. ಆ ದಾರಿಯಲ್ಲಿ ಉತ್ತರಾಖಂಡ ಸರ್ಕಾರ 2018ರಲ್ಲಿ ಲೈಸೆನ್ಸ್ ಕೊಟ್ಟಿತು. ಟಿಎಚ್‌ಸಿ 0.3 ಶೇಕಡಾ ಮೀರಬಾರದು ಅನ್ನೋದು ಅಲ್ಲಿನ ಷರತ್ತು. ಹಿಮಾಚಲ ಪ್ರದೇಶವೂ ಆ ಕಡೆ ಹೆಜ್ಜೆ ಇಟ್ಟಿದೆ. ಜಮ್ಮುವಿನಲ್ಲಿ ಸಿಎಸ್‌ಐಆರ್ ಸಂಸ್ಥೆಯವರು ಔಷಧ ಸಂಶೋಧನೆಗೆ ಬೆಳೀತಾರೆ. ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಮಾರೋಕೆ 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿದೆ. ಅಂಗಡಿಯಲ್ಲಿ ಹೆಂಪ್ ಬೀಜದ ಡಬ್ಬಿ ಸಿಗುತ್ತೆ ಅಂದ ಮಾತ್ರಕ್ಕೆ ನಾವು ಬೆಳೀಬಹುದು ಅಂತ ಅರ್ಥ ಅಲ್ಲ. ಮಾರೋ ಅನುಮತಿ ಬೇರೆ, ಬೆಳೆಯೋ ಅನುಮತಿ ಬೇರೆ. ನಿಮ್ಮ ಹೆಸರಿಗೆ, ನಿಮ್ಮ ಸರ್ವೆ ನಂಬರಿಗೆ ಸರ್ಕಾರ ಕೊಟ್ಟ ಲಿಖಿತ ಅನುಮತಿ ಇಲ್ಲದೆ ಒಂದು ಬೀಜವನ್ನೂ ನೆಲಕ್ಕೆ ಹಾಕಬೇಡಿ. ಏಜೆಂಟ್ ತೋರಿಸೋ ಕಂಪನಿಯ ಬಣ್ಣದ ಕಾಗದ ಅನುಮತಿ ಅಲ್ಲ.

ಹೆಸರಿನ ಗೊಂದಲ ಇನ್ನೂ ಇದೆ. ಹಸಿರೆಲೆ ಗೊಬ್ಬರಕ್ಕೆ ಹಾಕೋ ಸಣಬಿಗೆ ಇಂಗ್ಲಿಷಿನಲ್ಲಿ ಸನ್‌ಹೆಂಪ್ ಅಂತಾರೆ. ಅದಕ್ಕೂ ಗಾಂಜಾಕ್ಕೂ ಸಂಬಂಧವೇ ಇಲ್ಲ. ಸಣಬು ಹಳದಿ ಹೂವಿನ ದ್ವಿದಳ ಬೆಳೆ, ನೆಲಕ್ಕೆ ಸಾರಜನಕ ಕೊಡುತ್ತೆ, ನಿರ್ಭಯವಾಗಿ ಹಾಕಿ. ಇನ್ನು ನಮ್ಮ ಪುಂಡಿ. ಹೊಲದ ಬದುವಿಗೆ ಸಾಲು ಹಾಕಿ, ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ ಅಂತ ನಮ್ಮ ಹಿರಿಯರು ಬೆಳೆದ ಪುಂಡಿಯಲ್ಲಿ ಒಂದು ಜಾತಿಯ ಎಲೆ ಐದು ಬೆರಳಿನ ಹಾಗೆ ಸೀಳಿರುತ್ತೆ, ದೂರದಿಂದ ಗಾಂಜಾ ಎಲೆಯಂತೆ ಕಾಣುತ್ತೆ. ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರೇ ಹೈಬಿಸ್ಕಸ್ ಕ್ಯಾನಬಿನಸ್. ಆದರೆ ಅದು ದಾಸವಾಳದ ಕುಲ. ಹೂ ಬಿಟ್ಟರೆ ಯಾರಿಗೂ ಅನುಮಾನ ಉಳಿಯಲ್ಲ. ಪುಂಡಿ ಪಲ್ಯ ಬಿಟ್ಟು ರೊಟ್ಟಿ ತಿನ್ನೋದು ನಮಗೆ ಆಗೋ ಮಾತಲ್ಲ, ಅದನ್ನ ಯಾರೂ ಬಿಡಬೇಕಾಗಿಲ್ಲ.

ನಮ್ಮ ಊರಿನ ಒಳಗು-ಹೊರಗಿನ ಲೆಕ್ಕ

ಈಗ ನಿಜವಾದ ಪ್ರಶ್ನೆಗೆ ಬರೋಣ. ಒಳಗೆ ಬೆಳೆಯೋ ತಂತ್ರ ಕೆಟ್ಟದ್ದಲ್ಲ. ಯಾವುದನ್ನು, ಎಷ್ಟು ದಿನ ಒಳಗೆ ಇಡಬೇಕು ಅನ್ನೋದು ಗೊತ್ತಿದ್ದರೆ ನಮ್ಮ ಬಿಸಿಲಿನ ನಾಡಿಗೆ ಅದು ಭಾಳ ಉಪಯೋಗ. ನನ್ನ ಸಲಹೆ ಇಷ್ಟು: ಸಸಿ ಒಳಗೆ, ಬೆಳೆ ಹೊರಗೆ.

ಮೊದಲು ಪೂರ್ತಿ ಒಳಗಿನ ಬೇಸಾಯ ನೋಡಿ. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ನೆರಳು ಪರದೆಗೆ ಚದರ ಮೀಟರಿಗೆ ₹700 ಅಂತ ಹಿಡಿದರೂ 28 ಲಕ್ಷ ಆಗುತ್ತೆ. ಸಬ್ಸಿಡಿ ಅರ್ಧ ಬಂದರೂ ಉಳಿದ 14 ಲಕ್ಷ ನಿಮ್ಮದೇ. ಪಾಲಿಹೌಸ್ ಇದಕ್ಕಿಂತ ದುಬಾರಿ. ಜತೆಗೆ ಮೇ ತಿಂಗಳ ಗಾಳಿಗೆ ಹಾಳೆ ಹರಿದರೆ ಮತ್ತೆ ಖರ್ಚು. ಹೈದರಾಬಾದ ಮಾರುಕಟ್ಟೆಗೆ ದಿನಾ ಮಾಲು ಕಳಿಸೋ ವ್ಯವಸ್ಥೆ, ಬೇಸಿಗೆಗೂ ಬತ್ತದ ನೀರು ಎರಡೂ ಇದ್ದವರು ಮಾತ್ರ ಈ ಕಡೆ ಯೋಚನೆ ಮಾಡಿ. ಉಳಿದವರಿಗೆ ಬೇಡ.

ಆದರೆ ಒಂದು ಗುಂಟೆಯಲ್ಲಿ ಬಿದಿರು ಗಳ, ಮೇಲೆ 50 ಶೇಕಡಾ ನೆರಳಿನ ಪರದೆ, ಸುತ್ತ ಕೀಟ ತಡೆಯೋ ಸಣ್ಣ ಕಣ್ಣಿನ ಬಲೆ ಹಾಕಿದರೆ ಅದೇ ನಿಮ್ಮ ಸಸಿಮನೆ. ಇದರಲ್ಲಿ ಎರಡು ಕೆಲಸ ಮಾಡಬಹುದು.

ಮೊದಲನೇದು ನಾಟಿ ತೊಗರಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ನಮ್ಮ ಭಾಗದಲ್ಲಿ ಪ್ರಚಾರ ಮಾಡಿದ ಪದ್ಧತಿ ಇದು. ತೊಗರಿ ಸಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿ, ಮಳೆ ಬಿದ್ದ ಮೇಲೆ ಹೊಲಕ್ಕೆ ನೆಡೋದು.

- ಮೇ ಮಧ್ಯದಿಂದ ಕೊನೆವರೆಗೆ ಚೀಲ ತುಂಬಿಸಿ. ಮಣ್ಣು, ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಮರಳು ಸೇರಿರಲಿ. ಹಿಂದೆ ನೆಟೆ ಬಂದ ಹೊಲದ ಮಣ್ಣು ಮಾತ್ರ ತರಲೇಬೇಡಿ.
- ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ, ಆಮೇಲೆ ರೈಜೋಬಿಯಂ ಲೇಪನ ಮಾಡಿ ಚೀಲಕ್ಕೆ ಎರಡು ಕಾಳು ಹಾಕಿ. ಮೊಳಕೆ ಬಂದ ಮೇಲೆ ಗಟ್ಟಿ ಸಸಿ ಒಂದನ್ನು ಉಳಿಸಿ.
- ನಾಲ್ಕೈದು ವಾರಕ್ಕೆ ಸಸಿ ತಯಾರು. ನೆಡೋ ವಾರದ ಮೊದಲು ನೀರು ಕಮ್ಮಿ ಮಾಡಿ, ಪರದೆ ಸರಿಸಿ ಬಿಸಿಲಿಗೆ ರೂಢಿ ಮಾಡಿ. ಇದನ್ನು ಬಿಟ್ಟರೆ ಹೊಲಕ್ಕೆ ಹೋದ ಸಸಿ ಬಾಡಿ ಬೀಳುತ್ತೆ.
- ಸಾಲಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ 3 ಅಡಿ ಇಟ್ಟರೆ ಎಕರೆಗೆ ಸುಮಾರು 2,900 ಗಿಡ. ಒಂದು ಕಿಲೋ ಬೀಜ ಸಾಕು.
- ಸುಮಾರು 50 ದಿನಕ್ಕೆ ಕುಡಿ ಚಿವುಟಿ. ಟೊಂಗೆ ಜಾಸ್ತಿ ಒಡೆಯುತ್ತೆ.
- ಹೂವಾಡೋ ಹೊತ್ತಿಗೆ ಮತ್ತು ಅದಾಗಿ 15 ದಿನಕ್ಕೆ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಲೀಟರಿಗೆ 10 ಗ್ರಾಂನಂತೆ ಸಿಂಪಡಿಸಿ. ಹೂ ಉದುರೋದು ಕಮ್ಮಿ ಆಗುತ್ತೆ.

ಜೂನ್ ಮಳೆ ಎರಡು ವಾರ ತಡ ಆದರೂ ನಿಮ್ಮ ಗಿಡದ ವಯಸ್ಸು ನಿಲ್ಲಲ್ಲ ಅನ್ನೋದೇ ಇದರ ಲಾಭ. ಬಿತ್ತಿದವನ ಬೀಜ ಚೀಲದಲ್ಲೇ ಇರುವಾಗ ನಿಮ್ಮ ಸಸಿ ಒಂದು ಗೇಣು ಆಗಿರುತ್ತೆ. ಕಪ್ಪು ನೆಲದಲ್ಲಿ ನೀರು ನಿಲ್ಲದ ಹಾಗೆ ಕಾಲುವೆ ಮಾಡೋದು ಮಾತ್ರ ಮರೀಬೇಡಿ. ನೀರು ನಿಂತರೆ ನಾಟಿಯಾದರೇನು, ಬಿತ್ತಿದ್ದಾದರೇನು, ಎರಡೂ ಹೋಗುತ್ತೆ. ನೆಟೆ ಇರೋ ಹೊಲಕ್ಕೆ ಟಿಎಸ್‌-3ಆರ್, ಜಿಆರ್‌ಜಿ-811 ತರದ ತಡೆದುಕೊಳ್ಳೋ ತಳಿ ಆರಿಸಿ.

ದುಡ್ಡಿನ ಲೆಕ್ಕ ನೋಡಿ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ₹8,000. ಎಕರೆಗೆ 4 ಕ್ವಿಂಟಾಲ್ ಬಂದರೆ ₹32,000. ಎರಡು ಕ್ವಿಂಟಾಲ್ ಜಾಸ್ತಿ ಬಂದರೆ ₹48,000. ಆ ₹16,000ದಲ್ಲಿ ಚೀಲ, ಗೊಬ್ಬರ, ನೆಡೋ ಕೂಲಿ ಕಳೀಬೇಕು. ಮನೆ ಮಂದಿಯೇ ಸೇರಿ ಚೀಲ ತುಂಬಿದರೆ ಉಳಿಯುತ್ತೆ, ಎಲ್ಲಕ್ಕೂ ಕೂಲಿ ಕೊಟ್ಟರೆ ಭಾಳ ಉಳಿಯಲ್ಲ. ಹಾಗಾಗಿ ಮೊದಲ ವರ್ಷ ಒಂದೇ ಎಕರೆ ಮಾಡಿ ನೋಡಿ. ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬೀಳೋದೂ ಇದೆ, ಖರೀದಿ ಕೇಂದ್ರ ತೆರೆದ ಕೂಡಲೇ ಹೆಸರು ನೋಂದಾಯಿಸಿ.

ಎರಡನೇದು ಸಸಿ ಮಾರಾಟ. ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿಯನ್ನು 98 ಗುಳಿಯ ಪ್ರೋಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸಿದರೆ ಸುತ್ತಲಿನ ಊರವರೇ ಬಂದು ಒಯ್ಯುತ್ತಾರೆ. ಬಲೆಯ ಒಳಗೆ ಬೆಳೆದ ಸಸಿಗೆ ನುಸಿ, ಬಿಳಿನೊಣ ಮೊದಲ ದಿನಗಳಲ್ಲಿ ತಾಗಲ್ಲ, ಎಲೆ ಮುಟುರು ರೋಗ ತಡವಾಗುತ್ತೆ. ಆರ್ಡರ್ ಮೊದಲು ತಗೊಂಡು ಆಮೇಲೆ ಬೀಜ ಹಾಕಿ. ಮಾರಾಟ ಆಗದ ಸಸಿಗೆ ವಯಸ್ಸು ಮೀರಿದರೆ ಬೆಲೆ ಇಲ್ಲ.

ಮೊಬೈಲಿನಲ್ಲಿ ನೋಡಿದ ಖೋಲಿ ಬೆಳೆಯ ಆಸೆ ಇರೋ ಹುಡುಗರಿಗೆ ನಾನು ಈ ಎರಡನೇ ಕೆಲಸ ಹೇಳ್ತೀನಿ. ಉಷ್ಣ, ತೇವ, ನೆರಳು, ನೀರಿನ ಅಳತೆ ಎಲ್ಲ ಇದರಲ್ಲೂ ಕಲೀಬೇಕು. ತಲೆ ಓಡಿಸೋಕೆ ಬೇಕಾದಷ್ಟು ಜಾಗ ಇದೆ. ಬಾಗಿಲು ಮಾತ್ರ ತೆರೆದಿಟ್ಟುಕೊಂಡು ಮಾಡಬಹುದು, ಮುಂದೆ ಬೋರ್ಡೂ ಹಾಕಬಹುದು.

ಕೊನೆಯ ಮಾತು

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅಂದರೆ ಈ ನೆಲದ ಹೆಸರಿಗೇ ಬೆಲೆ ಬಂತು. ಆ ತೊಗರಿಯನ್ನು ಇನ್ನೊಂದು ಗಿಡಕ್ಕೆ ಮರೆಯಾಗಿ ನಿಲ್ಲಿಸೋದು ನೋಡೋಕೆ ನನಗೆ ಸಂಕಟ ಆಗುತ್ತೆ. ತೊಗರಿಗೆ ವಿಮೆ ಇದೆ, ಬೆಂಬಲ ಬೆಲೆ ಇದೆ, ಹಾಳಾದರೆ ಪರಿಹಾರ ಕೇಳೋಕೆ ಬಾಯಿ ಇದೆ. ಆ ಇನ್ನೊಂದು ಬೆಳೆ ಕಳವಾದರೆ ದೂರು ಕೊಡೋಕೂ ಆಗಲ್ಲ, ದಲ್ಲಾಳಿ ದುಡ್ಡು ಕೊಡದಿದ್ದರೆ ಕೇಳೋಕೂ ಆಗಲ್ಲ. ಹತ್ತು ವರ್ಷ ಜೈಲಲ್ಲಿ ಇರೋದು ಒಬ್ಬ, ಹೊಲ ಬೀಳಾಗೋದು ಇಡೀ ಮನೆಯದ್ದು.

ಬೆಳೆ ಬಗ್ಗೆ ಅನುಮಾನ ಇದ್ದರೆ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಸಸಿಮನೆ ಸಬ್ಸಿಡಿ ಈ ವರ್ಷ ಎಷ್ಟು, ಯಾರಿಗೆ ಅನ್ನೋದನ್ನು ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಗಳ ನಿಲ್ಲಿಸಿ, ಮೊದಲೇ ಕಟ್ಟಿದ್ದಕ್ಕೆ ದುಡ್ಡು ಬರಲ್ಲ.

ಮುಂದಿನ ವಾರ ನಾಟಿ ತೊಗರಿಗೆ ಚೀಲದ ಮಣ್ಣು ಹದ ಮಾಡೋದು, ಟ್ರೈಕೋಡರ್ಮಾವನ್ನು ತಿಪ್ಪೆಗೊಬ್ಬರದಲ್ಲಿ ಬೆಳೆಸಿಕೊಳ್ಳೋದು ಹೇಗೆ ಅಂತ ಬರೀತೀನಿ. ಅಷ್ಟರೊಳಗೆ ಗೊಬ್ಬರ ಜರಡಿ ಹಿಡಿದು ನೆರಳಿಗೆ ಹಾಕಿಟ್ಟುಕೊಳ್ಳಿ.